ಎಣಿಕೆ ಎಷ್ಟು ಆಳಕ್ಕೆ ಇಳಿಯುತ್ತದೆ?

ಚಾಂಪಿಯನ್ ರೀಫ್ಸಿನಷ್ಟು ಅಳತೆಗೆ ಒಳಗಾದ ಊರು ಕರ್ನಾಟಕದಲ್ಲಿ ಇನ್ನೊಂದು ಇರಲಾರದು. ಟನ್ ಅದಿರಿಗೆ ಎಷ್ಟು ಗ್ರಾಂ ಚಿನ್ನ, ಶಿಫ್ಟಿಗೆ ಎಷ್ಟು ಅಡಿ ಕೊರೆತ, ಎಷ್ಟು ಆಳದಲ್ಲಿ ಬಂಡೆಯ ಶಾಖ ಎಷ್ಟು, ಮೇಲೆ ಬಂದವನ ಶ್ವಾಸಕೋಶದಲ್ಲಿ ದೂಳು ಎಷ್ಟು ಕೂತಿದೆ, ಹೀಗೆ ಇಲ್ಲಿ ಲೆಕ್ಕಕ್ಕೆ ಸಿಗದೆ ಉಳಿದದ್ದು ಕಡಿಮೆ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕಾಲಿಟ್ಟಂದಿನಿಂದ 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಮುಚ್ಚುವವರೆಗೆ ಈ ಊರು ಸೇರಿದ ಕೋಲಾರ ಗೋಲ್ಡ್ ಫೀಲ್ಡ್ಸಿನ, ಅಂದರೆ ಕೆಜಿಎಫ್‌ನ, ಗಣಿಗಳಿಂದ ಹೊರಬಂದ ಚಿನ್ನ ಸುಮಾರು 800 ಟನ್. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಕೆಳಗೆ ಇಳಿದು, ಒಂದು ಕಾಲಕ್ಕೆ ಲೋಕದ ಅತ್ಯಂತ ಆಳದ ಗಣಿಗಳ ಸಾಲಿನಲ್ಲಿತ್ತು. ಅಷ್ಟು ಕೆಳಗೆ ಬಂಡೆಯ ಶಾಖ 65 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತಿತ್ತು.

ಕಲೆಯನ್ನೂ ಮನುಷ್ಯನ ನಡವಳಿಕೆಯನ್ನೂ ಅಂಕಿಗಳಿಂದ ಪೂರ್ತಿ ವಿವರಿಸಬಹುದೇ ಎಂಬುದು ಬಹಳ ಹಳೆಯ ಪ್ರಶ್ನೆ. ಕಂಪ್ಯೂಟರುಗಳು ಪದ್ಯ ಬರೆಯುವ, ಸಾಲ ಕೊಡಬೇಕೋ ಬೇಡವೋ ಎಂದು ತೀರ್ಮಾನಿಸುವ ಈ ದಿನಗಳಲ್ಲಿ ಅದು ಮತ್ತೆ ಬಿಸಿಯಾಗಿದೆ. ಸಾಮಾನ್ಯವಾಗಿ ತತ್ವಶಾಸ್ತ್ರದ ಪುಸ್ತಕಗಳಲ್ಲಿ ಎತ್ತುವ ಈ ಪ್ರಶ್ನೆಯನ್ನು ನಾನು ಗಣಿಯೂರಿನಿಂದ ಎತ್ತಿಕೊಳ್ಳುತ್ತಿದ್ದೇನೆ. ಕಾರಣ ಇಷ್ಟೇ: ಕಣ, ಬಂಡೆ, ಮನುಷ್ಯ ಈ ಮೂರನ್ನೂ ಇಲ್ಲಿ ಒಂದೇ ನೆಲದಡಿಯಲ್ಲಿ ಅಳೆದಿದ್ದಾರೆ. ಅಳತೆಗೆ ಮೂರೂ ಕೊಟ್ಟ ಉತ್ತರ ಬೇರೆ ಬೇರೆ. ಆ ವ್ಯತ್ಯಾಸವನ್ನು ಗಮನಿಸದೆ ನಡೆದ ವಾದವೆಲ್ಲ ಗಾಳಿಯಲ್ಲಿ ಗುದ್ದಾಟ ಎಂದೇ ನನ್ನ ಅನಿಸಿಕೆ.

ಮೊದಲು ಕಣದ ಕಥೆ. ಆಕಾಶದಿಂದ ಸುರಿಯುವ ವಿಶ್ವಕಿರಣಗಳು ವಾಯುಮಂಡಲಕ್ಕೆ ಬಡಿದಾಗ ಹುಟ್ಟುವ ಮ್ಯೂಆನ್ ಎಂಬ ಕಣಗಳು ನೆಲದೊಳಕ್ಕೂ ನುಗ್ಗುತ್ತವೆ. ಎಷ್ಟು ಆಳದವರೆಗೆ ಎಂದು ಅಳೆಯಲು ಹೋಮಿ ಭಾಭಾ ಅವರ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ 1950ರ ದಶಕದ ಆರಂಭದಲ್ಲಿ ಕೋಲಾರದ ಗಣಿಗಳನ್ನು ಆರಿಸಿಕೊಂಡಿತು. ಉಪಕರಣ ಹೊತ್ತು ಮೊದಲು ಇಳಿದವರು ಮೈಸೂರು ಸೀಮೆಯ ತರುಣ ಬಿ. ವಿ. ಶ್ರೀಕಂಠನ್. ಹಂತ ಹಂತವಾಗಿ ಕೆಳಗೆ ಹೋದಂತೆ ಎಣಿಕೆ ಇಳಿಯುತ್ತ ಬಂತು. ಎಲ್ಲಕ್ಕಿಂತ ಕೆಳಗಿನ ಮಟ್ಟದಲ್ಲಿ ವಾರಗಟ್ಟಲೆ ಕಾದರೂ ಒಂದೇ ಒಂದು ಮ್ಯೂಆನ್ ಬರಲಿಲ್ಲ. ವಿಜ್ಞಾನಿಗಳಿಗೆ ಆ ಸೊನ್ನೆಯೇ ಸಂಪತ್ತಾಯಿತು. ಇಷ್ಟು ನಿಶ್ಶಬ್ದವಾದ ಜಾಗದಲ್ಲಿ, ಭೂಮಿಯನ್ನೇ ದಾಟಿ ಹೋಗಬಲ್ಲ ನ್ಯೂಟ್ರಿನೊಗಳನ್ನು ಹಿಡಿಯಬಹುದಲ್ಲ ಎಂಬ ಯೋಚನೆ ಅಲ್ಲಿಂದ ಹುಟ್ಟಿತು.

ಹೀತ್‌ಕೋಟ್ ಶಾಫ್ಟಿನ ಮೂಲಕ 2.3 ಕಿಲೋಮೀಟರ್ ಕೆಳಗೆ, ಜಪಾನಿನ ಒಸಾಕಾ ಸಿಟಿ ವಿಶ್ವವಿದ್ಯಾಲಯ ಮತ್ತು ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯದವರ ಜೊತೆ ಸೇರಿ ಟಾಟಾ ಸಂಸ್ಥೆಯವರು ಕಟ್ಟಿದ್ದು ಗೋಡೆಗಳನ್ನು. ಕಣ ತಾಗಿದರೆ ಮಿಣುಕುವ ಪ್ಲಾಸ್ಟಿಕ್ ಹಲಗೆಗಳು, ಕಣ ಹಾದ ದಾರಿಯನ್ನು ಬೆಳಕಿನ ಗೆರೆಯಾಗಿ ತೋರುವ ನಿಯಾನ್ ಕೊಳವೆಗಳು, ನಡುವೆ ಸೀಸದ ತಡೆ. ನೆಲಕ್ಕೆ ಹಾಸುವ ಬದಲು ಗೋಡೆಯಾಗಿ ನಿಲ್ಲಿಸಿದ್ದರ ಹಿಂದೆ ಜಾಣ ತರ್ಕವಿತ್ತು. ವಾಯುಮಂಡಲದಲ್ಲಿ ಹುಟ್ಟಿದ ಮ್ಯೂಆನ್ ಅಷ್ಟು ಆಳ ತಲಪಬೇಕಾದರೆ ನೆತ್ತಿಯ ಮೇಲಿಂದ ನೇರವಾಗಿ ಬರಬೇಕು. ಓರೆಯಾಗಿ ಬಂದರೆ ದಾಟಬೇಕಾದ ಕಲ್ಲಿನ ದಪ್ಪ ವಿಪರೀತ ಹೆಚ್ಚುತ್ತದೆ, ದಾರಿಯಲ್ಲೇ ಕಳೆದುಹೋಗುತ್ತದೆ. ಹಾಗಾದರೆ ಅಡ್ಡಡ್ಡ ಬಂದು ಗೋಡೆಗೆ ತಾಗಿದ ಮ್ಯೂಆನ್ ಎಲ್ಲಿಯದು? ಪಕ್ಕದ ಬಂಡೆಯಲ್ಲಿ ನ್ಯೂಟ್ರಿನೊ ಡಿಕ್ಕಿ ಹೊಡೆದು ಹುಟ್ಟಿಸಿದ್ದು ಮಾತ್ರ ಹಾಗೆ ಬರಲು ಸಾಧ್ಯ. 1965ರಲ್ಲಿ ಅಂಥ ಬೆರಳೆಣಿಕೆಯ ಗೆರೆಗಳು ಸಿಕ್ಕವು. ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೊ ಪ್ರಪಂಚದಲ್ಲಿ ಮೊದಲು ವರದಿಯಾದದ್ದು ಹೀಗೆ. ಅದೇ ವರ್ಷ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯೊಂದರಲ್ಲಿ ಫ್ರೆಡರಿಕ್ ರೈನ್ಸ್ ಅವರ ತಂಡವೂ ಇದೇ ಕೆಲಸದಲ್ಲಿತ್ತು. ಕೆಜಿಎಫ್‌ನ ವರದಿ ತುಸು ಮೊದಲು ಅಚ್ಚಾಯಿತು.

ಈ ಕಥೆಯನ್ನು ಇಷ್ಟು ವಿವರವಾಗಿ ಹೇಳಿದ್ದಕ್ಕೆ ಮುಂದಿನದು ಕಾರಣ. 1980ರಲ್ಲಿ ಅದೇ ಆಳದಲ್ಲಿ 140 ಟನ್ ಕಬ್ಬಿಣದ ಉಪಕರಣ ಕಟ್ಟಿ, ಪ್ರೋಟಾನ್ ಎಂದಾದರೂ ಸಾಯುತ್ತದೆಯೇ ಎಂದು ಕಾಯತೊಡಗಿದರು. ಸಾವಿನಂತೆ ಕಂಡ ಕೆಲವು ಘಟನೆಗಳು ದಾಖಲಾದವು. ಅವು ಪ್ರೋಟಾನಿನ ಸಾವಿಗೆ ಹೊಂದಿಕೆಯಾಗುತ್ತವೆ ಎಂದು ಪ್ರಕಟಿಸಿದರು, ಅನುಮಾನಕ್ಕೆ ಎಡೆಯೆಷ್ಟಿದೆ ಎಂಬುದನ್ನೂ ಜೊತೆಗೇ ಪ್ರಕಟಿಸಿದರು. ಬೇರೆ ದೇಶಗಳ ಇನ್ನೂ ದೊಡ್ಡ ಉಪಕರಣಗಳು ಅದನ್ನು ದೃಢಪಡಿಸಲಿಲ್ಲ. ಪ್ರಶ್ನೆ ಇವತ್ತಿಗೂ ತೆರೆದೇ ಇದೆ. ಅಂಕಿ ಎಂಬುದನ್ನು ಹೇಗೆ ಬಳಸಬೇಕೆಂಬುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಮಾದರಿ ಕಂಡಿಲ್ಲ. ಏನು ಕಂಡಿತು, ಎಷ್ಟು ಕಂಡಿತು, ತಪ್ಪಿರಬಹುದಾದ ಅಂತರ ಎಷ್ಟು ಎಂಬ ಮೂರನ್ನೂ ಒಂದೇ ಉಸಿರಿನಲ್ಲಿ ಹೇಳುವ ಶಿಸ್ತು ಅದು.

ಬಂಡೆಯ ವಿಷಯಕ್ಕೆ ಬಂದರೆ ಲೆಕ್ಕ ಸ್ವಲ್ಪ ತೊಡಕಾಗುತ್ತದೆ. ಆಳದಲ್ಲಿ ಅಗೆದಷ್ಟೂ ಸುತ್ತಲಿನ ಕಲ್ಲಿನ ಮೇಲೆ ಒತ್ತಡ ಏರುತ್ತದೆ. ಒಂದು ಗಳಿಗೆಯಲ್ಲಿ ಅದು ತಡೆಯಲಾರದೆ ಸಿಡಿಯುತ್ತದೆ. ಗಣಿಯವರು ರಾಕ್ ಬರ್ಸ್ಟ್ ಎನ್ನುತ್ತಿದ್ದದ್ದು ಇದನ್ನೇ. ಮೇಲೆ ಕಾರ್ಮಿಕರ ಲೈನ್ ಮನೆಗಳಲ್ಲಿ ಪಾತ್ರೆ ಅಲುಗಿದರೆ ಕೆಳಗೆ ಯಾರ ಶಿಫ್ಟ್ ಇದೆ ಎಂದು ಹೆಂಗಸರು ಶಾಫ್ಟಿನ ಕಡೆ ಓಡುತ್ತಿದ್ದ ಕಾಲ ಅದು. ಭೂಕಂಪಮಾಪಕಗಳನ್ನು ಹೂತು ಸದ್ದುಗಳನ್ನು ಎಣಿಸಿದರು. 1988ರಲ್ಲಿ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆ ಚಾಂಪಿಯನ್ ರೀಫ್ಸಿನಲ್ಲೇ ನೆಲೆಗೊಂಡಿತು. ಎಣಿಕೆಯಿಂದ ಉಪಕಾರವಾದದ್ದು ನಿಜ: ಯಾವ ಆಕಾರದಲ್ಲಿ ಅಗೆದರೆ ಅಪಾಯ ಹೆಚ್ಚು ಎಂದು ತಿಳಿಯಿತು, ಟೊಳ್ಳಾದ ಜಾಗಕ್ಕೆ ಕಾಂಕ್ರೀಟ್ ತುಂಬುವಂಥ ವಿಧಾನಗಳು ಬಂದವು, ಸಾವಿರ ಸಣ್ಣ ಸಿಡಿತಗಳಿಗೆ ದೊಡ್ಡವು ಎಷ್ಟು ಎಂಬ ಪ್ರಮಾಣ ಗೊತ್ತಾಯಿತು. ಇಂದು ಮಧ್ಯಾಹ್ನದ ಶಿಫ್ಟಿನಲ್ಲಿ, ಈ ಮಟ್ಟದಲ್ಲಿ ಸಿಡಿಯುತ್ತದೆಯೇ ಎಂಬುದಕ್ಕೆ ಮಾತ್ರ ಖಚಿತ ಉತ್ತರ ಯಾರ ಕೈಗೂ ಸಿಗಲಿಲ್ಲ. ಭೂಕಂಪಗಳ ವಿಷಯದಲ್ಲೂ ಲೋಕದ ವಿಜ್ಞಾನ ಇವತ್ತಿಗೂ ಇದೇ ಮೆಟ್ಟಿಲಲ್ಲಿ ನಿಂತಿದೆ. ಜೀವವಿಲ್ಲದ ಕಲ್ಲಿನ ಮುಂದಿನ ನಡೆಯೇ ಎಣಿಕೆಗೆ ಪೂರ್ತಿ ಸಿಗುವುದಿಲ್ಲ ಎಂಬುದನ್ನು ನೆನಪಿಟ್ಟುಕೊಂಡು ಮನುಷ್ಯನ ಕಡೆ ತಿರುಗುವುದು ಒಳ್ಳೆಯದು.

ಮನುಷ್ಯನನ್ನು ಅಂಕಿಯಿಂದ ವಿವರಿಸುವ ಆಧುನಿಕ ಪ್ರಯತ್ನ ಶುರುವಾದದ್ದು ಒಬ್ಬ ಖಗೋಳ ವಿಜ್ಞಾನಿಯಿಂದ. ಬೆಲ್ಜಿಯಂನ ಅಡಾಲ್ಫ್ ಕೆತ್ಲೆ 1835ರ ತನ್ನ ಪುಸ್ತಕದಲ್ಲಿ ಸರಾಸರಿ ಮನುಷ್ಯನೆಂಬ ಕಲ್ಪನೆಯನ್ನು ಮುಂದಿಟ್ಟ. ಅಪರಾಧ, ಮದುವೆ, ಸಾವುಗಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಹೆಚ್ಚುಕಡಿಮೆ ಒಂದೇ ಇರುವುದನ್ನು ಕಂಡು ಅವನು ಬೆರಗಾಗಿದ್ದ. ನಕ್ಷತ್ರದ ಸ್ಥಾನವನ್ನು ಹತ್ತು ಸಲ ಅಳೆದಾಗ ಬರುವ ಸಣ್ಣ ಏರುಪೇರುಗಳು ಖಗೋಳಶಾಸ್ತ್ರದಲ್ಲಿ ಅಳತೆಯ ತಪ್ಪುಗಳು. ಅದೇ ಸೂತ್ರವನ್ನು ಮನುಷ್ಯರ ಮೇಲೆ ಹೊದಿಸಿದಾಗ, ಒಬ್ಬೊಬ್ಬ ವ್ಯಕ್ತಿ ಸರಾಸರಿಗಿಂತ ಬೇರೆಯಾಗಿರುವುದೇ ತಪ್ಪೆಂಬಂತೆ ಕಾಣತೊಡಗಿತು. ಈ ಕಣ್ಣಪೊರೆ ನಮ್ಮನ್ನು ಇನ್ನೂ ಬಿಟ್ಟಿಲ್ಲ.

ಹಾಗೆಂದು ಅಂಕಿಗಳನ್ನು ತಳ್ಳಿಹಾಕುವವರ ಜೊತೆಗೂ ನಾನಿಲ್ಲ. ಕೆಜಿಎಫ್‌ನ ಸಿಲಿಕೋಸಿಸ್ ನೋಡಿ. ಕಲ್ಲಿನ ದೂಳು ಕುಡಿದು ಕೆಮ್ಮಿ ಕೆಮ್ಮಿ ಸತ್ತವನ ಸಾವು, ಒಬ್ಬೊಬ್ಬರದಾಗಿ ನೋಡಿದಷ್ಟು ದಿನ, ಅವನ ಹಣೆಬರಹವಾಗಿತ್ತು ಇಲ್ಲವೇ ಬೀಡಿಯ ತಪ್ಪಾಗಿತ್ತು. 1940ರಿಂದ 1946ರ ನಡುವೆ ಏಳೂವರೆ ಸಾವಿರಕ್ಕೂ ಹೆಚ್ಚು ಗಣಿ ಕಾರ್ಮಿಕರನ್ನು ತಪಾಸಣೆ ಮಾಡಿದಾಗ, ಪ್ರತಿ ಐವರಲ್ಲಿ ಇಬ್ಬರಿಗಿಂತ ಹೆಚ್ಚು ಮಂದಿಗೆ ಸಿಲಿಕೋಸಿಸ್ ಇರುವುದು ಬಯಲಾಯಿತು. ಆ ಎಣಿಕೆಯ ಮುಂದೆ ಹಣೆಬರಹದ ಮಾತು ನಿಲ್ಲಲಿಲ್ಲ. ಒಬ್ಬ ಹೆಂಡತಿಯ ಅಳು ಕಚೇರಿಯ ಬಾಗಿಲಲ್ಲೇ ನಿಲ್ಲುತ್ತಿತ್ತು. ಮೂರು ಸಾವಿರಕ್ಕೂ ಹೆಚ್ಚು ಶ್ವಾಸಕೋಶಗಳ ಪಟ್ಟಿ ಒಳಗೆ ಹೋಯಿತು. ಬಡವರ ಸಂಕಟಕ್ಕೆ ಸಾಕ್ಷಿ ಹೇಳಲು ಅಂಕಿಯಷ್ಟು ಗಟ್ಟಿ ದನಿ ಇನ್ನೊಂದಿಲ್ಲ.

ವ್ಯಕ್ತಿಯ ಮಟ್ಟದಲ್ಲೂ ಲೆಕ್ಕದ ಪರವಾಗಿ ಹೇಳಬೇಕಾದದ್ದಿದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಪಾಲ್ ಮೀಲ್ 1954ರಲ್ಲಿ, ರೋಗಿ ಗುಣವಾಗುತ್ತಾನೆಯೇ, ಬಿಡುಗಡೆಯಾದ ಕೈದಿ ಮತ್ತೆ ಅಪರಾಧ ಮಾಡುತ್ತಾನೆಯೇ ಎಂಬಂಥ ಪ್ರಶ್ನೆಗಳಲ್ಲಿ ಅನುಭವಿ ತಜ್ಞರ ಅಂದಾಜನ್ನೂ ಸರಳ ಸೂತ್ರದ ಅಂದಾಜನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಬಹುತೇಕ ಕಡೆ ಸೂತ್ರವೇ ತಜ್ಞರಿಗೆ ಸಮನಾಗಿತ್ತು, ಇಲ್ಲವೇ ಮೇಲಾಗಿತ್ತು. ತಜ್ಞರ ಅಹಂಕಾರಕ್ಕೆ ಇದು ತಕ್ಕ ಪಾಠ. ಆದರೆ ತಜ್ಞನಿಗಿಂತ ಮೇಲು ಎನ್ನುವುದಕ್ಕೂ ಪೂರ್ತಿ ವಿವರಣೆ ಎನ್ನುವುದಕ್ಕೂ ಇರುವ ದೂರ ಎಷ್ಟು? ಅದನ್ನು ಅಳೆದು ತೋರಿಸಿದ್ದು 2020ರಲ್ಲಿ ಪ್ರಕಟವಾದ ಒಂದು ದೊಡ್ಡ ಪ್ರಯೋಗ. ಅಮೆರಿಕದ 4,242 ಕುಟುಂಬಗಳನ್ನು ಮಕ್ಕಳು ಹುಟ್ಟಿದಂದಿನಿಂದ ಹಿಂಬಾಲಿಸಿ ಕಲೆಹಾಕಿದ ಮಾಹಿತಿ ಮುಂದಿತ್ತು. ಒಂದೊಂದು ಕುಟುಂಬದ ಬಗ್ಗೆ 12,942 ವಿವರ. ಮಗುವಿಗೆ 15 ವರ್ಷವಾದಾಗ ಶಾಲೆಯ ಅಂಕ ಎಷ್ಟಿರುತ್ತದೆ, ಮನೆಯವರನ್ನು ಬಾಡಿಗೆಮನೆಯಿಂದ ಹೊರಹಾಕಿರುತ್ತಾರೆಯೇ, ಹೀಗೆ ಆರು ಸಂಗತಿಗಳನ್ನು ಮುಂಚಿತವಾಗಿ ಹೇಳಿ ಎಂದರು. 160 ತಂಡಗಳು ತಮ್ಮಲ್ಲಿದ್ದ ಎಲ್ಲ ಯಂತ್ರಕಲಿಕೆಯ ವಿದ್ಯೆಯನ್ನೂ ಹೂಡಿದವು. ಗೆದ್ದ ತಂಡಗಳ ಅಂದಾಜೂ ಕಳಪೆಯಾಗಿತ್ತು. ನಾಲ್ಕೇ ನಾಲ್ಕು ವಿವರ ಬಳಸಿದ ಹಳೆಯ ಸರಳ ಸೂತ್ರಕ್ಕಿಂತ ಅದು ಅಷ್ಟೇನೂ ಮುಂದಿರಲಿಲ್ಲ. ವಿವರಗಳ ರಾಶಿ ಹಾಕಿದರೆ ಬದುಕು ತಾನಾಗಿ ಬಿಚ್ಚಿಕೊಳ್ಳುತ್ತದೆ ಎಂಬ ನಂಬಿಕೆಗೆ ಅಂಕಿಗಳೇ ಕೊಟ್ಟ ಪೆಟ್ಟು ಇದು.

ಇನ್ನಷ್ಟು ಮಾಹಿತಿ, ಇನ್ನಷ್ಟು ಶಕ್ತಿಯ ಕಂಪ್ಯೂಟರ್ ಬಂದರೆ ಮುಂದೊಮ್ಮೆ ಆದೀತು ಎನ್ನುವವರಿದ್ದಾರೆ. ಆ ಮಾತನ್ನು ಒಪ್ಪಲು ನನಗಿರುವ ದೊಡ್ಡ ಅಡ್ಡಿ ಕೆಜಿಎಫ್‌ನ 1930ರ ಮುಷ್ಕರ.

ಅದರ ಹಿನ್ನೆಲೆ ಕಲ್ಕತ್ತೆಯಲ್ಲಿದೆ. 1890ರ ದಶಕದಲ್ಲಿ ಅಲ್ಲಿ ಎಡ್ವರ್ಡ್ ಹೆನ್ರಿ ಎಂಬ ಪೊಲೀಸ್ ಅಧಿಕಾರಿಯ ಕೈಕೆಳಗೆ ಅಜೀಜುಲ್ ಹಕ್, ಹೇಮಚಂದ್ರ ಬೋಸ್ ಎಂಬ ಇಬ್ಬರು ಬೆರಳಚ್ಚುಗಳನ್ನು ವಿಂಗಡಿಸುವ ಲೆಕ್ಕ ಕಟ್ಟಿದರು. ಹತ್ತು ಬೆರಳುಗಳನ್ನು ಐದು ಜೋಡಿ ಮಾಡುವುದು. ಬೆರಳ ತುದಿಯಲ್ಲಿ ಸುಳಿ ಇದ್ದರೆ ಮೊದಲ ಜೋಡಿಗೆ 16, ಮುಂದಿನವಕ್ಕೆ 8, 4, 2, 1. ಜೋಡಿಯ ಒಂದೊಂದು ಬೆರಳನ್ನು ಒಂದೊಂದು ಕಡೆ ಕೂಡಿ, ಎರಡೂ ಮೊತ್ತಕ್ಕೆ ಒಂದೊಂದು ಸೇರಿಸಿದರೆ ಭಿನ್ನರಾಶಿಯೊಂದು ಸಿಗುತ್ತದೆ. ಮೇಲೆ 32 ಸಾಧ್ಯತೆ, ಕೆಳಗೆ 32. ಒಟ್ಟು 1,024 ಗೂಡು. ಯಾವ ಮನುಷ್ಯನಾದರೂ ಇವುಗಳಲ್ಲೊಂದರಲ್ಲಿ ಕೂರುತ್ತಾನೆ. ಗಣಿತವಾಗಿ ನೋಡಿದರೆ ಎಂಥ ಅಂದದ ಕೆಲಸ! ಹಕ್ ಅವರ ಜಾಣ್ಮೆಗೆ ಕೈಮುಗಿಯಬೇಕು. ಬಳಕೆ ಮಾತ್ರ ಬಹುಪಾಲು ಕಳ್ಳರನ್ನು, ಕಳ್ಳರೆಂದು ಸರ್ಕಾರ ಹಣೆಪಟ್ಟಿ ಹಚ್ಚಿದ ಸಮುದಾಯಗಳನ್ನು ಗುರುತಿಡಲಿಕ್ಕೆ.

1930ರಲ್ಲಿ ಕೆಜಿಎಫ್‌ನ ಕಾರ್ಮಿಕರನ್ನು ಬೆರಳಚ್ಚು ಸಮೇತ ಕಡ್ಡಾಯವಾಗಿ ನೋಂದಾಯಿಸಬೇಕೆಂಬ ಕ್ರಮ ಬಂದಾಗ ಗಣಿಗಳು ನಿಂತುಹೋದವು. ಸುಮಾರು ಮೂರು ವಾರ ಕೆಲಸಕ್ಕೆ ಇಳಿಯಲಿಲ್ಲ ಈ ಜನ. ಹೆಚ್ಚಿನವರು ಉತ್ತರ ಆರ್ಕಾಟ್, ಚಿತ್ತೂರು ಕಡೆಗಳಿಂದ ಬಂದ ದಲಿತರು. ಲೈನ್‌ಗಳ ತಟ್ಟಿ ಗುಡಿಸಲುಗಳಲ್ಲಿ ಇದ್ದವರು. ಕೂಲಿ ನಿಂತರೆ ಒಲೆ ಹತ್ತದವರು. ಇತಿಹಾಸಕಾರ್ತಿ ಜಾನಕಿ ನಾಯರ್ ಮೈಸೂರು ಸಂಸ್ಥಾನದ ಕಾರ್ಮಿಕರನ್ನು ಕುರಿತ ತಮ್ಮ ಅಧ್ಯಯನದಲ್ಲಿ ಈ ಮುಷ್ಕರಕ್ಕೆ ದೊಡ್ಡ ಸ್ಥಾನ ಕೊಟ್ಟಿದ್ದಾರೆ. ಕೂಲಿಯ ಲೆಕ್ಕದಿಂದ ಹೊರಟರೆ ಈ ಮೂರು ವಾರ ಅರ್ಥವಾಗುವುದು ಕಷ್ಟ. ಬೆರಳು ಒತ್ತಿದರೆ ಕಾಸು ಕಡಿಮೆಯಾಗುತ್ತಿರಲಿಲ್ಲ. ಕಳ್ಳನ ಪಟ್ಟಿಯಲ್ಲಿ ನನ್ನನ್ನೇಕೆ ಕೂರಿಸುತ್ತೀರಿ ಎಂಬ ಮಾನದ ಪ್ರಶ್ನೆ ಅಲ್ಲಿತ್ತು.

ನನ್ನ ವಾದವೆಲ್ಲ ಇಲ್ಲಿ ನಿಂತಿದೆ. ಮ್ಯೂಆನಿಗೆ ತನ್ನನ್ನು ಎಣಿಸುತ್ತಿದ್ದಾರೆಂಬುದು ತಿಳಿಯದು. ಬಂಡೆಗೂ ತಿಳಿಯದು, ಅಗೆತದಿಂದ ಅದು ಬದಲಾದೀತು, ಅಗೆತದ ವರದಿ ಓದಿ ಬದಲಾಗದು. ಮನುಷ್ಯನಿಗೆ ತಿಳಿಯುತ್ತದೆ. ತನ್ನನ್ನು ಯಾವ ಗೂಡಿನಲ್ಲಿ ಇಟ್ಟರೆಂದು ನೋಡಿ ಅವನು ಒಪ್ಪುತ್ತಾನೆ, ಸಿಟ್ಟಾಗುತ್ತಾನೆ, ವೇಷ ಹಾಕುತ್ತಾನೆ, ಮುಷ್ಕರ ಹೂಡುತ್ತಾನೆ. ಅಳತೆಯೇ ಅಳೆಯಬೇಕಾದ ವಸ್ತುವನ್ನು ಬದಲಿಸಿದ ಮೇಲೆ ಹೊಸ ಅಳತೆ ಬೇಕು, ಅದಕ್ಕೂ ಅವನು ಉತ್ತರ ಕೊಡುತ್ತಾನೆ. ಮಾಹಿತಿ ಸಾಲದೆ ಹೋದದ್ದರಿಂದ ಬಂದ ಕೊರತೆ ಇದಲ್ಲವಾದ್ದರಿಂದ, ಮಾಹಿತಿ ಹೆಚ್ಚಿಸಿ ಇದನ್ನು ತುಂಬಲಾಗದು.

ಮುಷ್ಕರ ಹೂಡಿದ ಇದೇ ಜನ ಸಂಜೆ ಏನು ಮಾಡುತ್ತಿದ್ದರು ಎಂಬುದನ್ನೂ ನೋಡಬೇಕು. ಅಯೋತಿದಾಸ ಪಂಡಿತರು ಕಟ್ಟಿದ ಬೌದ್ಧ ಚಳವಳಿ 20ನೆಯ ಶತಮಾನದ ಮೊದಲ ದಶಕಗಳಲ್ಲಿ ಮಾರಿಕುಪ್ಪಂ, ಚಾಂಪಿಯನ್ ರೀಫ್ಸ್‌ಗಳಲ್ಲಿ ಬೇರುಬಿಟ್ಟಿತು. ಅವರ 'ತಮಿಳನ್' ಪತ್ರಿಕೆ 1926ರಲ್ಲಿ ಅಪ್ಪಾದುರೈ ಅವರ ಸಂಪಾದಕತ್ವದಲ್ಲಿ ಕೆಜಿಎಫ್‌ನಿಂದ ಮತ್ತೆ ಹೊರಟಿತು. ಪಾಳಿ ಮುಗಿಸಿ, ಮೈಯ ದೂಳು ತೊಳೆದು, ಧಮ್ಮದ ಮಾತು ಕೇಳಲು ಕೂರುತ್ತಿದ್ದವನಿಗೆ ಕಂಪನಿಯ ಪುಸ್ತಕದಲ್ಲಿ ಒಂದು ಹುದ್ದೆ, ಒಂದು ಕೂಲಿ ದರ ಇತ್ತು. ಓದುವವನು ಎಂಬ ಕಾಲಂ ಇರಲಿಲ್ಲ.

ಕಲೆಯ ಕಡೆ ಬರೋಣ. ಕನ್ನಡ ನಾಡಿಗೆ ಈ ಚರ್ಚೆ ಹೊರಗಿನಿಂದ ಬರಬೇಕಾಗಿಲ್ಲ. 9ನೆಯ ಶತಮಾನದಲ್ಲಿ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯರು ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ' ಬರೆದರು. ಅದರ ಮೊದಲಲ್ಲೇ ಅವರು ಲೆಕ್ಕದ ವ್ಯಾಪ್ತಿಯನ್ನು ಪಟ್ಟಿ ಮಾಡುತ್ತಾರೆ: ಕಾಮಶಾಸ್ತ್ರ, ಅರ್ಥಶಾಸ್ತ್ರ, ಸಂಗೀತ, ನಾಟ್ಯ, ಅಡುಗೆ, ವೈದ್ಯ, ವಾಸ್ತು, ಛಂದಸ್ಸು, ಕಾವ್ಯ, ವ್ಯಾಕರಣ ಎಲ್ಲದರಲ್ಲೂ ಗಣಿತಕ್ಕೆ ಮನ್ನಣೆ ಇದೆ ಎನ್ನುತ್ತಾರೆ. ಅದೇ ಅರಸನ ಆಸ್ಥಾನದಲ್ಲಿ ಶ್ರೀವಿಜಯನ 'ಕವಿರಾಜಮಾರ್ಗ' ಹುಟ್ಟಿತು. ಈ ನಾಡಿನ ಜನ ವಿಶೇಷವಾಗಿ ಓದದೆಯೂ ಕಾವ್ಯದ ಹದ ಬಲ್ಲವರು ಎಂದು ಅದು ಹೇಳುತ್ತದೆ. ಒಂದು ಕೃತಿ ಕಾವ್ಯದೊಳಗೆ ಲೆಕ್ಕವನ್ನು ಕಾಣುತ್ತದೆ, ಇನ್ನೊಂದು ಲೆಕ್ಕ ಕಲಿಯದ ಕಿವಿಗೂ ಕಾವ್ಯ ತಿಳಿಯುತ್ತದೆ ಎನ್ನುತ್ತದೆ. ಇವೆರಡನ್ನೂ ಒಂದೇ ಸಭೆ ಒಂದೇ ಕಾಲಕ್ಕೆ ಪೋಷಿಸಿತು. ಎರಡೂ ನಿಜವಾಗಿರಬಹುದೆಂಬ ಉದಾರತೆ ಆ ಸಭೆಗಿತ್ತೆಂದು ನಾನು ನಂಬುತ್ತೇನೆ.

ಮಹಾವೀರಾಚಾರ್ಯರ ಮಾತು ಎಷ್ಟು ಸರಿ ಎನ್ನಲು ಭಾಮಿನಿ ಷಟ್ಪದಿಯೇ ಸಾಕು. 1, 2, 4, 5ನೆಯ ಸಾಲುಗಳಲ್ಲಿ ಮೂರು-ನಾಲ್ಕು, ಮೂರು-ನಾಲ್ಕು ಎಂದು 14 ಮಾತ್ರೆ. 3 ಮತ್ತು 6ನೆಯ ಸಾಲುಗಳಲ್ಲಿ ಅದರ ಒಂದೂವರೆಯಷ್ಟರ ಮೇಲೊಂದು ಗುರು, ಅಂದರೆ 23. ಒಟ್ಟು 102. ಗದುಗಿನ ಕುಮಾರವ್ಯಾಸ ಇಡೀ ಭಾರತವನ್ನು ಈ ಲೆಕ್ಕದೊಳಗೆ ಹರಿಸಿದ. ಲೆಕ್ಕ ತಪ್ಪಿದರೆ ಗಮಕಿಗೆ ಹಾಡಲು ಬಾರದು. ಅದೇ 102 ಮಾತ್ರೆಯನ್ನು ಕಿಂಚಿತ್ತೂ ತಪ್ಪದೆ ತುಂಬಿಸಿದ ನೀರಸ ಪದ್ಯಗಳೂ ರಾಶಿ ಬಿದ್ದಿವೆ. ಎರಡಕ್ಕೂ ಮೊತ್ತ ಒಂದೇ. ಈಗ ಯಂತ್ರವೂ ಷಟ್ಪದಿ ಹೊಸೆಯಲು ಕಲಿಯುತ್ತಿದೆ, ಅದೂ ಒಳಗೊಳಗೆ ಬರೀ ಅಂಕಿಗಳ ಗುಣಾಕಾರದಿಂದಲೇ. ಆದರೆ ಆ ಅಂಕಿಗಳು ಬಂದದ್ದು ಮನುಷ್ಯರು ಬರೆದು, ಮೆಚ್ಚಿ, ಉಳಿಸಿಕೊಂಡು ಬಂದ ಪದ್ಯಗಳಿಂದ. ಏನು ಉಳಿಯಬೇಕೆಂದು ಆರಿಸಿದ ಅಭಿರುಚಿ ಲೆಕ್ಕಕ್ಕೆ ಮೊದಲೇ ಕೆಲಸ ಮಾಡಿ ಮುಗಿಸಿತ್ತು.

ಸಂಗೀತದಲ್ಲಿ ಇದು ಇನ್ನೂ ಸ್ಪಷ್ಟ. 17ನೆಯ ಶತಮಾನದ ತಂಜಾವೂರಿನಲ್ಲಿ, ಕನ್ನಡ ಮೂಲದ ಗೋವಿಂದ ದೀಕ್ಷಿತರ ಮಗ ವೆಂಕಟಮಖಿ ರಾಗಗಳಿಗೆ ಆಧಾರವಾದ ಮೇಳಗಳನ್ನು ಲೆಕ್ಕ ಹಾಕಿದರು. ರಿಷಭ-ಗಾಂಧಾರಗಳ ಜೋಡಿಗೆ 6 ಬಗೆ, ಧೈವತ-ನಿಷಾದಗಳಿಗೆ 6 ಬಗೆ, ಮಧ್ಯಮ 2, ಗುಣಿಸಿದರೆ 72. ಆಗ ಹಾಡುವವರ ಬಾಯಲ್ಲಿ ಇದ್ದದ್ದು 19 ಮೇಳ ಎಂದು ಅವರೇ ಹೇಳಿದ್ದಾರೆ. ಮಿಕ್ಕವನ್ನು ಯಾರೂ ಹಾಡುವ ಮುನ್ನವೇ ಗಣಿತ ತೋರಿಸಿಕೊಟ್ಟಿತು. ಕಲೆಗೆ ಅಂಕಿ ಹೊಸ ದಾರಿ ತೆರೆದ ಇಂಥ ನಿದರ್ಶನ ಲೋಕದಲ್ಲಿ ಅಪರೂಪ.

ಈಗ ಆರಭಿಯನ್ನೂ ದೇವಗಾಂಧಾರಿಯನ್ನೂ ತೆಗೆದುಕೊಳ್ಳಿ. ಎರಡರ ಆರೋಹಣ, ಅವರೋಹಣ ಒಂದೇ. ಕಾಗದದ ಮೇಲೆ ಸ್ವರಸ್ಥಾನಗಳನ್ನು ಅಂಕಿಗಳಲ್ಲಿ ಬರೆದರೆ ಬೇರೆ ಮಾಡಲು ಬರುವುದಿಲ್ಲ. ಕಚೇರಿಯಲ್ಲಿ ಕೂತ ಸಾಮಾನ್ಯ ರಸಿಕ ಎರಡು ಉಸಿರಿನೊಳಗೆ ಇದು ಯಾವುದೆಂದು ಹೇಳುತ್ತಾನೆ. ಆರಭಿ ಚುರುಕು, ನೇರ. ದೇವಗಾಂಧಾರಿ ನಿಧಾನ, ಸ್ವರದ ಮೇಲೆ ತೂಗಿ ನಿಲ್ಲುವ ರಾಗ. ಇವತ್ತಿನ ಉಪಕರಣಗಳಿಂದ ಗಮಕದ ಓಲಾಟವನ್ನು ಗೆರೆಯಾಗಿ ಬರೆದು ಈ ವ್ಯತ್ಯಾಸವನ್ನೂ ಅಳೆಯಬಹುದು, ಅಳೆಯುತ್ತಲೂ ಇದ್ದಾರೆ, ಒಳ್ಳೆಯ ಕೆಲಸವೇ. ಎಲ್ಲಿ ಅಳೆಯಬೇಕೆಂದು ಉಪಕರಣಕ್ಕೆ ತೋರಿಸಿದ್ದು ಆ ರಸಿಕನ ಕಿವಿ. ಅವನು ಎರಡೂ ಒಂದೇ ಎಂದುಬಿಟ್ಟಿದ್ದರೆ ಹುಡುಕಲು ಯಾರೂ ಹೊರಡುತ್ತಿರಲಿಲ್ಲ.

ಪಶ್ಚಿಮದಲ್ಲಿ ಕೆಲವರು ಇನ್ನೂ ದೂರ ಹೋದರು. ಹಾರ್ವರ್ಡಿನ ಗಣಿತಜ್ಞ ಜಾರ್ಜ್ ಬರ್ಕಾಫ್ 1933ರಲ್ಲಿ ಸೌಂದರ್ಯಕ್ಕೇ ಸೂತ್ರ ಕೊಟ್ಟರು: ಆಕೃತಿಯೊಳಗಿನ ಕ್ರಮವನ್ನು ಅದರ ಜಟಿಲತೆಯಿಂದ ಭಾಗಿಸುವುದು. 90 ಬಹುಭುಜಗಳನ್ನು ಹೀಗೆ ಶ್ರೇಣೀಕರಿಸಿದಾಗ ಮೊದಲ ಸ್ಥಾನ ಚೌಕಕ್ಕೆ ಸಿಕ್ಕಿತು. ಹೊಯ್ಸಳ ಶಿಲ್ಪಿಗಳ ನಕ್ಷತ್ರಾಕಾರದ ಜಗತಿಗಳನ್ನು ಸುತ್ತಿ ಬಂದವರಿಗೆ ಈ ತೀರ್ಪನ್ನು ಒಪ್ಪುವುದು ಕಷ್ಟವಾದೀತು.

ಮಾರುಕಟ್ಟೆಯ ಅಂಕಿಯದು ಬೇರೆಯೇ ದಾರಿ. ಈ ಊರಿನ ಹೆಸರು ಹೊತ್ತ ಪ್ರಶಾಂತ್ ನೀಲ್ ಅವರ 'ಕೆ.ಜಿ.ಎಫ್' ಸಿನಿಮಾದ ಮೊದಲ ಭಾಗ 2018ರ ಡಿಸೆಂಬರಿನಲ್ಲಿ, ಎರಡನೆಯದು 2022ರ ಏಪ್ರಿಲಿನಲ್ಲಿ ಬಂತು. ಸಾವಿರ ಕೋಟಿ ರೂಪಾಯಿ ದಾಟಿದ ಗಳಿಕೆಯೇ ಅದರ ವಿಮರ್ಶೆಯೆಂಬಂತೆ ಮಾತುಕತೆ ನಡೆಯಿತು. ಗಳಿಕೆ ಏನನ್ನು ಹೇಳುತ್ತದೆ? ಮ್ಯಾಥ್ಯೂ ಸಾಲ್ಗಾನಿಕ್ ಮತ್ತು ಜೊತೆಗಾರರು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಯಾರೂ ಕೇಳಿರದ 48 ಹಾಡುಗಳನ್ನು 14,341 ಜನರ ಮುಂದಿಟ್ಟಿದ್ದರು. ಕೆಲವರು ಸ್ವಂತ ಕಿವಿಯ ಮೇಲೆ ಮಾತ್ರ ಆರಿಸಿದರು. ಉಳಿದವರನ್ನು ಎಂಟು ಪ್ರತ್ಯೇಕ ಗುಂಪು ಮಾಡಿ, ತಮ್ಮ ಗುಂಪಿನಲ್ಲಿ ಯಾವ ಹಾಡನ್ನು ಎಷ್ಟು ಮಂದಿ ಇಳಿಸಿಕೊಂಡಿದ್ದಾರೆ ಎಂಬ ಸಂಖ್ಯೆ ತೋರಿಸಿದರು. ಒಂದು ಗುಂಪಿನಲ್ಲಿ ಗೆದ್ದ ಹಾಡು ಇನ್ನೊಂದರಲ್ಲಿ ಹಿಂದೆ ಬಿತ್ತು. ತೀರ ಒಳ್ಳೆಯವು ಸಾಮಾನ್ಯವಾಗಿ ಸೋಲಲಿಲ್ಲ, ತೀರ ಕೆಟ್ಟವು ಗೆಲ್ಲಲಿಲ್ಲ. ನಡುವಿನವಕ್ಕೆ ಏನು ಬೇಕಾದರೂ ಆಗಬಹುದಿತ್ತು. ಇಲ್ಲೂ ಬೆರಳಚ್ಚಿನ ಮುಷ್ಕರದ ಸಂಗತಿಯೇ ಕಾಣುತ್ತದೆ: ಸಂಖ್ಯೆಯನ್ನು ಕಂಡ ಮನುಷ್ಯ ಸಂಖ್ಯೆಗೆ ಉತ್ತರ ಕೊಡುತ್ತಾನೆ. ಅಲ್ಲಿ ಸೆಟೆದು ನಿಂತ, ಇಲ್ಲಿ ಹಿಂದೆ ಹೋದ.

ಗಣಿಯೊಳಗೆ ಮ್ಯೂಆನ್ ಎಣಿಸಿದ ಶ್ರೀಕಂಠನ್ ಮುಂದೆ 1975ರಿಂದ 1987ರವರೆಗೆ ಟಾಟಾ ಸಂಸ್ಥೆಯ ನಿರ್ದೇಶಕರಾಗಿದ್ದರು. ಆಮೇಲೆ ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಗೆ ಬಂದು, 2019ರಲ್ಲಿ ತೀರಿಕೊಳ್ಳುವವರೆಗಿನ ಬಾಳಿನ ಬಹುಭಾಗವನ್ನು ಪ್ರಜ್ಞೆ ಎಂದರೇನು, ವಿಜ್ಞಾನದ ಎಲ್ಲೆ ಯಾವುದು ಎಂಬ ಪ್ರಶ್ನೆಗಳಿಗೆ ಕೊಟ್ಟರು. ಆ ಸಂಸ್ಥೆಯ ಮೊದಲ ನಿರ್ದೇಶಕರು ತಿಪಟೂರಿನಲ್ಲಿ ಹುಟ್ಟಿದ ಪರಮಾಣು ವಿಜ್ಞಾನಿ ರಾಜಾ ರಾಮಣ್ಣ. ಪಿಯಾನೊ ನುಡಿಸುತ್ತಿದ್ದವರು, ನಮ್ಮ ರಾಗಪದ್ಧತಿಯ ಮತ್ತು ಪಾಶ್ಚಾತ್ಯ ಸಂಗೀತದ ರಚನೆ ಕುರಿತು 1993ರಲ್ಲಿ ಪುಸ್ತಕ ಬರೆದವರು. ಅಂಕಿಯಲ್ಲೇ ಬದುಕು ತೇಯ್ದ ಈ ಇಬ್ಬರೂ ಅಂಕಿಗೆ ಬೆನ್ನು ತಿರುಗಿಸಲಿಲ್ಲ. ಅಳತೆಯ ಶಿಸ್ತು ಬಲ್ಲವರಿಗೇ ಅದು ತಲಪದ ಜಾಗಗಳ ಬಗ್ಗೆ ಹೆಚ್ಚು ಕುತೂಹಲವಿರುತ್ತದೆ ಎಂಬುದನ್ನು ಇವರ ಬದುಕಿನಲ್ಲಿ ಕಾಣುತ್ತೇನೆ. ಪೂರ್ತಿ ವಿವರಿಸಿಬಿಟ್ಟೆವು ಎಂಬ ಮಾತು ಹೆಚ್ಚಾಗಿ ಕೇಳಿಬರುವುದು ಅಂಕಿಯನ್ನು ಮಾರುವವರಿಂದ.

ಈ ಪ್ರಶ್ನೆ ಕೆಜಿಎಫ್‌ಗೆ ಬರೀ ಚರ್ಚೆಯ ವಸ್ತುವಾಗಿ ಉಳಿದಿಲ್ಲ. ಟನ್ನಿಗೆ ಹತ್ತಾರು ಗ್ರಾಂ ಇದ್ದ ಚಿನ್ನ ಕೆಲವೇ ಗ್ರಾಮಿಗೆ ಇಳಿದು, ತೆಗೆಯುವ ಖರ್ಚು ಮಾರುವ ಬೆಲೆಯನ್ನು ಮೀರಿದಾಗ ಗಣಿ ಮುಚ್ಚಿದರು. ಆ ಲೆಕ್ಕ ತಪ್ಪಲ್ಲ. ಅದರಲ್ಲಿ ಸೇರದೆ ಹೋದವರು ಇಂದಿಗೂ ಮಾರಿಕುಪ್ಪಂ, ಚಾಂಪಿಯನ್, ಕೋರಮಂಡಲ್, ಊರಿಗಾಂ ಸ್ಟೇಷನ್ನುಗಳಲ್ಲಿ ಕತ್ತಲಿರುವಾಗಲೇ ರೈಲು ಹತ್ತಿ, ಬಂಗಾರಪೇಟೆ ಹಾದು, ಬೆಂಗಳೂರಿನ ಕೆಲಸಕ್ಕೆ ಹೋಗಿ ರಾತ್ರಿ ಮನೆ ಸೇರುತ್ತಾರೆ. ಗಣಿ ಬಿಟ್ಟುಹೋದ ಸೈನೈಡ್ ದಿಬ್ಬಗಳ ಮಣ್ಣು ಸುಮಾರು 3.3 ಕೋಟಿ ಟನ್. ಅದರಿಂದ ಉಳಿದ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ 2024ರಲ್ಲಿ ರಾಜ್ಯ ಸಂಪುಟ ಒಪ್ಪಿಗೆ ಕೊಟ್ಟಿತು. 13 ದಿಬ್ಬ, ಸುಮಾರು 1,000 ಎಕರೆ. ಟನ್ನಿಗೆ ಎಷ್ಟು ಗ್ರಾಂ ಸಿಗಬಹುದೆಂಬುದನ್ನು ಎಣಿಸುವವರು ಎಣಿಸಿಯೇ ಎಣಿಸುತ್ತಾರೆ. ಗಾಳಿ ಬೀಸುವ ತಿಂಗಳುಗಳಲ್ಲಿ ಯಾವ ಲೈನಿನ ಮನೆಯೊಳಗೆ ಎಷ್ಟು ದೂಳು ಬೀಳುತ್ತದೆ, ಆ ದೂಳಿನಲ್ಲಿ ಏನಿದೆ, ಯಾರ ಎದೆ ಕಟ್ಟಿದೆ, ದಿಬ್ಬ ಅಗೆದರೆ ಕೆಲಸ ಯಾರ ಮಕ್ಕಳಿಗೆ ಎಂಬುದನ್ನೂ ಎಣಿಸಬೇಕು. ತಪ್ಪಿರಬಹುದಾದ ಅಂತರವನ್ನು ನ್ಯೂಟ್ರಿನೊ ಎಣಿಸಿದವರ ಹಾಗೆ ಪಕ್ಕದಲ್ಲೇ ಅಚ್ಚು ಹಾಕಬೇಕು. ಏನೇನು ಎಣಿಸಬೇಕೆಂಬ ಪಟ್ಟಿಯನ್ನು ಬೆಂಗಳೂರಿನಲ್ಲೋ ದಿಲ್ಲಿಯಲ್ಲೋ ಸಿದ್ಧಮಾಡಿ ತರುವುದು ಬೇಡ. ಅದಕ್ಕಾಗಿ ಮೊದಲ ಸಭೆ ಚಾಂಪಿಯನ್ ರೀಫ್ಸಿನ ಲೈನ್‌ಗಳಲ್ಲಿ, ಅಲ್ಲಿನವರಿಗೆ ರಜೆಯಿರುವ ಭಾನುವಾರ, ಅವರಾಡುವ ತಮಿಳು, ತೆಲುಗು, ಕನ್ನಡದಲ್ಲಿ ನಡೆಯಲಿ.